ಗೊತ್ತಿಲ್ಲದವರನ್ನು ಹುಡುಕುವ ಅಕ್ಕ

ಬೀದಿದೀಪ ಇನ್ನೂ ಆರಿಲ್ಲ. ಅಡುಗೆಮನೆಗೂ ನಡುಕೋಣೆಗೂ ನಡುವೆ, ಒಂದು ಕಾಲದಲ್ಲಿ ಹೊಲಿಗೆ ಯಂತ್ರವಿದ್ದ ಮೂಲೆಯಲ್ಲಿ ಅಕ್ಕ ಕುರ್ಚಿ ಎಳೆದುಕೊಂಡು ಕೂತಿದ್ದಾರೆ. ಕುರ್ಚಿಗೆ ಎರಡು ದಿಂಬು, ಒಂದು ಕೂರುವುದಕ್ಕೆ, ಇನ್ನೊಂದು ಸೊಂಟಕ್ಕೆ. ಹಳೆಯ ಕಂಪ್ಯೂಟರು ಕಣ್ಣು ಬಿಡುವಷ್ಟರಲ್ಲಿ ಒಲೆಯ ಮೇಲೆ ಚಹಾ ಕುದಿಯುತ್ತಿರುತ್ತದೆ. ಎರಡರಲ್ಲಿ ಯಾವುದು ಮೊದಲಾಗುತ್ತದೆ ಎಂಬುದರ ಮೇಲೆ ನಾದಿನಿಯ ಆ ದಿನದ ಮುಖಭಾವ ನಿಂತಿದೆ ಎನ್ನುತ್ತಾರೆ ಅಕ್ಕನ ಅತ್ತಿಗೆ. ಇವತ್ತು ಚಹಾ ಗೆದ್ದಿದೆ.

ಪರದೆಯ ಮೇಲೆ, ಒಂದು ಜಾಲತಾಣದ ಪುಟಗಳಲ್ಲಿ ರಾತ್ರಿ ಯಾರ್ಯಾರು ಎಲ್ಲೆಲ್ಲಿ ಏನೇನು ಬದಲಾಯಿಸಿದರು ಎಂಬ ಸಾಲುಗಳು. ಗ್ರಹಣದ ಪುಟದ ನಟ್ಟನಡುವೆ ಯಾರೋ ತೂಕ ಇಳಿಸುವ ಪುಡಿಯ ಜಾಹೀರಾತು ಅಂಟಿಸಿ ಹೋಗಿದ್ದಾರೆ. ಅಕ್ಕ ಅಳಿಸುತ್ತಾರೆ. ಹಳೆಯ ಸೇತುವೆಯೊಂದರ ಪುಟದಲ್ಲಿ ಎಂಜಿನಿಯರರಿಗೂ ಇತಿಹಾಸದ ಪ್ರಾಧ್ಯಾಪಕರಿಗೂ ಹದಿನೈದು ದಿನದಿಂದ ಜಟಾಪಟಿ. ಸೇತುವೆ ಬಿದ್ದದ್ದು ಪ್ರವಾಹಕ್ಕೆ ಎನ್ನುತ್ತಾರೆ ಒಬ್ಬರು, ಮನೆ ಕಟ್ಟಲು ಜನ ಕಲ್ಲು ಕದ್ದದ್ದಕ್ಕೆ ಎನ್ನುತ್ತಾರೆ ಇನ್ನೊಬ್ಬರು. "ಇಬ್ಬರೂ ತಿಂಡಿ ತಿಂದು ಬನ್ನಿ" ಎಂದು ಬರೆದು ಅಕ್ಕ ಮುಂದಕ್ಕೆ ಹೋಗುತ್ತಾರೆ. ಆಮೇಲೆ ಅವರ ನಿತ್ಯದ ಬೇಟೆ. ‘ಎಲ್ಲರಿಗೂ ತಿಳಿದಿರುವಂತೆ’ ಎಂಬ ಎರಡು ಪದಗಳನ್ನು ಇಡೀ ತಾಣದಲ್ಲಿ ಹುಡುಕಿ ತೆಗೆಯುವುದು. ವಿದ್ವಾಂಸರು ಯಾರಿಗೂ ತಿಳಿಯದ ಮಾತಿಗೆ ಮುಂಚೆಯೇ ಅದನ್ನು ಇಡುತ್ತಾರಂತೆ. ಇವತ್ತು ಸಿಕ್ಕಿದ್ದು ಎರಡೇ.

"ಮೊದಲೆಲ್ಲ ದಿನಕ್ಕೆ ನಲವತ್ತು ಐವತ್ತು ಸಿಗೋವು. ಬೈಕೊಂಡು ತೆಗೀತಿದ್ದೆ. ಈಗ ಬರೆಯೋರೇ ಇಲ್ಲ, ಬೈಯೋದು ಯಾರನ್ನ?"

ಹಿಂದೆ ಚಪ್ಪಲಿಯ ಸದ್ದು. ಅಣ್ಣ ಎದ್ದು ಬಂದಿದ್ದಾರೆ. ಅಂಗಿಯ ಗುಂಡಿ ಒಂದು ಮನೆ ತಪ್ಪಿದೆ. "ಏನಾದ್ರೂ ಬಂತಾ ಪುಟ್ಟೀ?" ಎಂದು ಕೇಳುತ್ತಾರೆ. ಏನು ಬರಬೇಕಿತ್ತು ಎಂಬುದು ಅವರಿಗೂ ಗೊತ್ತಿಲ್ಲ. "ಇನ್ನೂ ಇಲ್ಲಣ್ಣಾ, ಕೂತ್ಕೋ," ಎನ್ನುತ್ತಾ ಅಕ್ಕ ಗುಂಡಿ ಸರಿಮಾಡುತ್ತಾರೆ. ಕಣ್ಣು ಮಾತ್ರ ಪರದೆಯ ಮೇಲೆಯೇ ಇದೆ.

ಆ ತಾಣಕ್ಕೆ ಅಂಗಳ ಎಂದು ಹೆಸರು. ಬೇರೆ ಬೇರೆ ಶಾಸ್ತ್ರದವರು ತಮಗೆ ಗೊತ್ತಿರುವುದನ್ನು ಒಂದೇ ಕಡೆ ಬರೆದಿಡುವ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದುವ, ಯಾರು ಬೇಕಾದರೂ ಕಾಸಿಲ್ಲದೆ ಓದುವ ಜಾಗ. ಬಂಡೆಯವರು, ಹಲ್ಲಿನವರು, ಪಾಚಿಯವರು, ಶಾಸನದವರು ಎಲ್ಲರೂ ಇದ್ದಾರೆ. ಇಂಥ ತಾಣಗಳು ಜಾಲದಲ್ಲಿ ಬೇಕಾದಷ್ಟಿವೆ. ಅಂಗಳಕ್ಕೆ ಮಾತ್ರ ತನ್ನದೇ ಒಂದು ಕಟ್ಟುಪಾಡು ಇದೆ, ಅದಕ್ಕೆ ಅಲ್ಲಿ ‘ಹೊರಗಿನ ಓದು’ ಎನ್ನುತ್ತಾರೆ. ಯಾವ ಪುಟವೂ ಅದರ ವಿಷಯ ಎಳ್ಳಷ್ಟೂ ಗೊತ್ತಿಲ್ಲದ ಒಬ್ಬರು ಓದುವ ತನಕ ಮುಗಿದಂತಲ್ಲ. ಓದುವವರು ಅರ್ಥವಾಗದ ಕಡೆಯೆಲ್ಲ ಒಂದು ಗುರುತು ಹಾಕುತ್ತಾರೆ. ಬರೆದವರು ಗುರುತು ಬಿದ್ದಲ್ಲೆಲ್ಲ ತಿದ್ದಬೇಕು. ಗುರುತುಗಳೆಲ್ಲ ಹೋದ ಮೇಲೆ ಪುಟದ ನೆತ್ತಿಯ ಮೇಲೆ ‘ಓದು ಮುಗಿದಿದೆ’ ಎಂದು ಬೀಳುತ್ತದೆ.

ಆ ಹೊರಗಿನವರನ್ನು ಹುಡುಕಿ ಕರೆತರುವುದೇ ಅಕ್ಕನ ಕೆಲಸ. ಸಂಬಳವಿಲ್ಲ, ಕುರ್ಚಿಯೂ ಮನೆಯದೇ. ಅಂಗಳದಲ್ಲಿ ಅವರಿಗೆ ‘ಪೊರಕೆ ಅಕ್ಕ’ ಎಂದು ಹೆಸರು. ಜ್ಞಾನಿಗಳನ್ನು ಹುಡುಕುವುದು ಸುಲಭ, ಬಾಗಿಲ ಮೇಲೆ ಹೆಸರು ಹಾಕಿಕೊಂಡಿರುತ್ತಾರೆ. ಗೊತ್ತಿಲ್ಲ ಎಂದು ಒಪ್ಪಿಕೊಂಡು, ಅದನ್ನು ಗುರುತು ಹಾಕಿ ತೋರಿಸುವವರನ್ನು ಹುಡುಕುವುದು ಕಬ್ಬಿಣದ ಕಡಲೆ. "ಓದಿದವರಿಗೆ ಒಂದು ಕಷ್ಟ ಇದೆ. ಅರ್ಥ ಆಗ್ಲಿಲ್ಲ ಅಂತ ಹೇಳೋಕೆ ಅವರಿಗೆ ಬಾಯೇ ಬರಲ್ಲ," ಎನ್ನುತ್ತಾರೆ ಅಕ್ಕ. "ಸಂಗೀತದ ಮೇಷ್ಟ್ರೊಬ್ರು ಅಣೆಕಟ್ಟಿನ ಪುಟ ಓದಿ, ಒಂದೇ ಒಂದು ಗುರುತು ಹಾಕಿ ಕಳಿಸಿದ್ರು. ಅದೂ ಪೂರ್ಣವಿರಾಮದ ಮೇಲೆ."

ಮನೆಯವರ ಕೈಯಲ್ಲಿ ಓದಿಸುವಂತಿಲ್ಲ ಎಂಬ ನಿಯಮ ಸೇರಿಸಿದ್ದು ಅಕ್ಕನೇ. ಭೌತಶಾಸ್ತ್ರದ ಒಬ್ಬರು ತಮ್ಮ ಪುಟವನ್ನು ಹೆಂಡತಿಗೆ ಓದಲು ಕೊಟ್ಟು, ‘ಎಲ್ಲವೂ ಅರ್ಥವಾಯಿತು’ ಎಂದು ಬರೆಸಿ ಕಳಿಸಿದ್ದರು. ಮೂವತ್ತು ವರ್ಷದ ಸಂಸಾರದ ಮೇಲೆ ಆ ತಾಯಿ ಬೇರೆ ಏನನ್ನು ತಾನೇ ಬರೆದಾಳು?

ಅಕ್ಕ ಓದಿದ್ದು ಹೈಸ್ಕೂಲು, ಕಲಿತದ್ದು ಬೆರಳಚ್ಚು. ಗಂಡ ತೀರಿಕೊಂಡ ವರ್ಷ ಒಂದು ಪೆಟ್ಟಿಗೆ ಹಿಡಿದು, ನಾಲ್ಕು ದಿನ ಇದ್ದು ಹೋಗುತ್ತೇನೆ ಎಂದು ಅಣ್ಣನ ಮನೆಗೆ ಬಂದರು. ಆ ಪೆಟ್ಟಿಗೆ ಈಗಲೂ ಅಟ್ಟದ ಮೇಲಿದೆ, ನಾಲ್ಕು ದಿನ ಇನ್ನೂ ಮುಗಿದಿಲ್ಲ. ಅಣ್ಣ ಅಂತರ್ಜಲದ ಪ್ರಾಧ್ಯಾಪಕರು. ತಮ್ಮ ವಿಭಾಗದ ಕಚೇರಿಯಲ್ಲೇ ತಂಗಿಗೆ ಟೈಪಿಸ್ಟ್ ಕೆಲಸ ಕೊಡಿಸಿದರು. ಕೊಡಿಸಿದ ಮರುದಿನದಿಂದ ಅಲ್ಲಿ ಅವಳನ್ನು ಕಂಡೂ ಕಾಣದಂತೆ ಓಡಾಡಿದರು, ಶಿಫಾರಸು ಎಂದು ಯಾರೂ ಆಡಿಕೊಳ್ಳಬಾರದೆಂದು. ಅಣ್ಣನ ಹಸ್ತಾಕ್ಷರ ಓದಬಲ್ಲ ಒಂದೇ ಜೀವ ಅಕ್ಕ. ಓದುವುದಷ್ಟೇ, ಅರ್ಥದ ಗೊಡವೆ ಇಲ್ಲ. "ಇಪ್ಪತ್ತೆರಡು ವರ್ಷ ಅಣ್ಣ ಬರೆದಿದ್ದನ್ನೆಲ್ಲ ಟೈಪ್ ಮಾಡಿದೀನಿ. ಒಂದು ತಪ್ಪಿಲ್ಲ. ಒಂದಕ್ಷರ ತಲೆಗೆ ಹೋಗಿಲ್ಲ," ಎನ್ನುವಾಗ ಅವರ ದನಿಯಲ್ಲಿ ನಾಚಿಕೆಯೂ ಇಲ್ಲ, ಜಂಬವೂ ಇಲ್ಲ.

ಅಂಗಳಕ್ಕೆ ಅವರನ್ನು ಎಳೆತಂದದ್ದೂ ಅಣ್ಣನ ಜಗಳವೇ. ಅದೇ ಊರಿನ ಹಲ್ಲಿನ ಡಾಕ್ಟರಮ್ಮ ಒಬ್ಬರು ಒಂದು ದಿನ ಅಂಗಳದಲ್ಲಿ ಒಂದು ಪ್ರಶ್ನೆ ಹಾಕಿದ್ದರು. ಒಂದೇ ಬಡಾವಣೆಯಲ್ಲಿ ಕೆಲವು ಬೀದಿಯ ಮಕ್ಕಳ ಹಲ್ಲು ಮಾತ್ರ ಕಂದು ಕಲೆ ಬಿದ್ದು ಹಾಳಾಗಿದೆ, ಪಕ್ಕದ ಬೀದಿಯವರದು ಬೆಳ್ಳಗಿದೆ, ಹೀಗೇಕೆ? ಅವರ ಕಸುಬಿನವರು ಯಾರೂ ಉತ್ತರ ಕೊಡಲಿಲ್ಲ. ಮಧ್ಯಾಹ್ನದೊಳಗೆ ಅಣ್ಣ ಒಂದೇ ಸಾಲು ಬರೆದರು: ‘ಆ ಬೀದಿಗಳ ಕೊಳವೆಬಾವಿಗಳ ಆಳ ಎಷ್ಟೆಂದು ವಿಚಾರಿಸಿ.’ ಡಾಕ್ಟರಮ್ಮ ವಿಚಾರಿಸಿದರು. ಹಾಳು ಹಲ್ಲಿನ ಬೀದಿಗಳ ಬಾವಿಗಳೆಲ್ಲ ಬಂಡೆಯೊಳಕ್ಕೆ ಬಹಳ ಆಳಕ್ಕೆ ಇಳಿದಂಥವು. ಹತ್ತು ವರ್ಷ ಎರಡು ಬೀದಿಯ ಅಂತರದಲ್ಲಿ ಕೆಲಸ ಮಾಡುತ್ತಾ ಒಬ್ಬರನ್ನೊಬ್ಬರು ಕಾಣದ ಇಬ್ಬರು, ಹೀಗೆ ಜಾಲದಲ್ಲಿ ಭೇಟಿಯಾಗಿ ಸೇರಿ ಬರೆಯಲು ಹೊರಟ ಪುಟ ‘ಆಳದ ನೀರು’.

ಹೊರಟರು ನಿಜ, ತಲುಪಲಿಲ್ಲ. ಅಣ್ಣ ಬರೆದ ಭಾಗ ಯಾವ ಹೊರಗಿನವರ ತಲೆಗೂ ಹತ್ತಲಿಲ್ಲ. ಅರ್ಥಶಾಸ್ತ್ರದವರು ಓದಿ ಪುಟ ತುಂಬ ಗುರುತು ಹಾಕಿದರು. ಅಣ್ಣ ಒಂದನ್ನೂ ತಿದ್ದಲಿಲ್ಲ. ಶಿಲ್ಪದ ಬಗ್ಗೆ ಬರೆಯುವ ಒಬ್ಬರು ಪ್ರಯತ್ನಿಸಿದರು, ಕೈಬಿಟ್ಟರು. ನಾಟಕದ ಮೇಷ್ಟ್ರು ಬಲು ವಿನಯದಿಂದ ಮೊದಲ ಪ್ಯಾರಾ ತಿಳಿಯಲಿಲ್ಲ ಎಂದರು. ಅದಕ್ಕೆ ಅಣ್ಣ ಚರ್ಚೆಯ ಜಾಗದಲ್ಲಿ ಬರೆದ ಉತ್ತರ ಇವತ್ತಿಗೂ ಅಲ್ಲೇ ಇದೆ: ‘ತಮಗೆ ಅರ್ಥವಾಗದಿರುವುದಕ್ಕೆ ಬಂಡೆ ಹೊಣೆಯಲ್ಲ.’

ಅಕ್ಕ ಸಂಧಾನಕ್ಕೆ ನಿಂತದ್ದು ಆಗ. ಮೊದಲು ಅಣ್ಣನ ಪರವಾಗಿ ಕ್ಷಮೆ ಕೇಳಲು ಒಳಗೆ ಹೋದವರು, ಆಮೇಲೆ ಅಲ್ಲೇ ಉಳಿದು ಮಿಕ್ಕವರ ಜಗಳವನ್ನೂ ಬಿಡಿಸತೊಡಗಿದರು. ಕೆಲವು ವರ್ಷಗಳಲ್ಲಿ ಸಾವಿರಾರು ಪುಟಗಳಿಗೆ ಹೊರಗಿನವರನ್ನು ಜೋಡಿಸಿದರು. ಜೇನಿನ ಪುಟಕ್ಕೆ ವಕೀಲರು, ತೆರಿಗೆಯ ಪುಟಕ್ಕೆ ಪಶುವೈದ್ಯರು. "ಮದುವೆ ದಲ್ಲಾಳಿ ಕೆಲಸ ಇದು," ಎನ್ನುತ್ತಾರೆ ಅತ್ತಿಗೆ ಅಡುಗೆಮನೆಯಿಂದಲೇ. "ಅವರಿಗಾದ್ರೆ ಕೊನೆಗೆ ಒಂದು ಊಟನಾದ್ರೂ ಹಾಕ್ತಾರೆ."

"ಬೇರೆಯವರ ಪುಟಕ್ಕೆಲ್ಲ ಜೋಡಿ ಸಿಕ್ತು. ಮನೆಯದಕ್ಕೆ ಮಾತ್ರ ಸಿಗ್ಲಿಲ್ಲ," ಎನ್ನುತ್ತಾರೆ ಅಕ್ಕ.

ಅಂಗಳ ಬಡವಾಗಲು ಯಾರೂ ಶತ್ರುಗಳಿರಲಿಲ್ಲ. ಜನ ಕೇಳುವುದನ್ನು ಬಿಟ್ಟರು, ಅಷ್ಟೇ. ಪ್ರಶ್ನೆ ಹಾಕಿ, ಯಾರಾದರೂ ತಿಳಿದವರು ತಿಂಡಿ ತಿಂದು ಬಂದು ಉತ್ತರ ಬರೆಯುವ ತನಕ ಕಾಯುವ ತಾಳ್ಮೆ ಯಾರಿಗಿದೆ? ಕೇಳಿದ ಬಾಯಿ ಮುಚ್ಚುವುದರೊಳಗೆ ಉತ್ತರ ಕೊಡುವ ಯಂತ್ರಗಳು ಬಂದಿವೆ. ಬರೆಯುವವರಿಗೆ ವಯಸ್ಸಾಯಿತು, ಕೆಲವರು ಹೋದರು. ಹೋದವರ ಹೆಸರುಗಳು ಪುಟಗಳ ಕೆಳಗೆ ಹಾಗೇ ಇವೆ, ಅವರು ಯಾವ ಕ್ಷಣದಲ್ಲಾದರೂ ಬಂದು ಒಂದು ಅಲ್ಪವಿರಾಮ ಸರಿಪಡಿಸುವರೇನೋ ಎಂಬಂತೆ. ಮೂರು ತಿಂಗಳ ಹಿಂದೆ ಅಂಗಳಕ್ಕೆ ಜಾಗ ಕೊಟ್ಟಿದ್ದ ಸಂಸ್ಥೆಯಿಂದ ಸೂಚನೆ ಬಂತು, ಅಂಗಳ ನಡೆಯುವ ಕಂಪ್ಯೂಟರುಗಳ ಕೋಣೆಯನ್ನು ಈ ತಿಂಗಳ ಕೊನೆಗೆ ಮುಚ್ಚುತ್ತೇವೆ ಎಂದು. ಗ್ರಂಥಾಲಯವೊಂದು ಅಂಗಳದ ನಕಲನ್ನು ಇಟ್ಟುಕೊಳ್ಳಲು ಒಪ್ಪಿದೆ. ಅಲ್ಲಿ ಓದಬಹುದು, ತಿದ್ದುವಂತಿಲ್ಲ. ಒಂದು ಷರತ್ತು: ‘ಓದು ಮುಗಿದಿದೆ’ ಎಂದು ಬಿದ್ದ ಪುಟಗಳು ಮಾತ್ರ. ಅರೆಬರೆ ಸಾಮಾನು ಅವರಿಗೆ ಬೇಡ.

ಮುಗಿಯದ ಪುಟಗಳು ಆಗ ಎಂಟುನೂರರ ಮೇಲಿದ್ದವು. ಅವುಗಳಲ್ಲಿ ಒಂದು ‘ಆಳದ ನೀರು’.

ಆದರೆ ಅಕ್ಕ ಅದನ್ನು ಮುಂದಕ್ಕೆ ತರಲಿಲ್ಲ. ಹೊರಗಿನವರೊಬ್ಬರು ಸಿಕ್ಕರೆ ಪಾಚಿಗೆ ಕಳಿಸಿದರು, ಇನ್ನೊಬ್ಬರು ಸಿಕ್ಕರೆ ಮಗ್ಗಕ್ಕೆ ಕಳಿಸಿದರು. "ಅಣ್ಣಂದು ಅಂತ ಸಾಲು ತಪ್ಪಿಸಿ ಒಳಗೆ ಬಿಟ್ರೆ ನಾಳೆ ನಾನು ಯಾವ ಮುಖ ಇಟ್ಕೊಂಡು ಬೇರೆಯವರಿಗೆ ನಿಯಮ ಹೇಳ್ಲಿ?" ಎನ್ನುತ್ತಾರೆ. ಅತ್ತಿಗೆಗೆ ಈ ಮಾತು ಕೇಳಿದರೆ ಮೈ ಉರಿಯುತ್ತದೆ. "ಅವರು ಆಫೀಸಲ್ಲಿ ನಿನ್ನ ಮುಖ ನೋಡದೇ ಓಡಾಡಿದ್ರಲ್ಲ, ಅದೇ ಚಾಳಿ. ಅಣ್ಣ ತಂಗಿ ಇಬ್ಬರನ್ನೂ ಒಂದೇ ಕಲ್ಲಲ್ಲಿ ಕೆತ್ತಿದಾರೆ."

ಸಾಲು ಒಂದು ನೆಪ. ಒಳಗಿನ ಕಾರಣ ಬೇರೆ ಇತ್ತು. ಆ ಪುಟ ಮುಟ್ಟಿದರೆ ಅಣ್ಣನ ವಿಷಯ ಹೊರಬೀಳುತ್ತಿತ್ತು.

ಅಣ್ಣನ ಮರೆವು ಶುರುವಾದದ್ದು ಎರಡು ವರ್ಷದ ಹಿಂದೆ. ಮೊದಲು ಕನ್ನಡಕ ಹೋಯಿತು, ಆಮೇಲೆ ಬೀದಿಯ ಹೆಸರು, ಆಮೇಲೆ ಒಂದು ದಿನ ಬಂಡೆಗಳ ಹೆಸರು. ಅಂಗಳದಲ್ಲಿ ಅವರಿಗೆ ಬರುವ ಪ್ರಶ್ನೆಗಳಿಗೆ ಅಕ್ಕ ಅಣ್ಣನ ಹೆಸರಿನಲ್ಲೇ ಉತ್ತರ ಹಾಕತೊಡಗಿದರು. ‘ನೋಡುತ್ತೇನೆ.’ ‘ಈಗ ಪುರಸೊತ್ತಿಲ್ಲ.’ ‘ಇದನ್ನೂ ನಾನೇ ಹೇಳಬೇಕೆ?’ ಅಣ್ಣನ ಧಾಟಿ ಹಿಡಿಯುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಅಣ್ಣ ಮೊದಲಿನಿಂದಲೂ ಸಿಡುಕರಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ವಿದ್ವತ್ತಿನ ಲೋಕದಲ್ಲಿ ಸಿಡುಕು ಎಷ್ಟೋ ಸಲ ಖಾಲಿತನಕ್ಕೆ ಹೊದಿಕೆಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಸಿಕ್ಕಿಬಿದ್ದದ್ದು ಒಂದು ಸಣ್ಣ ಎಡವಟ್ಟಿನಿಂದ. ತಿಂಗಳ ಮೊದಲ ವಾರ ಡಾಕ್ಟರಮ್ಮ ತಮ್ಮ ಭಾಗದಲ್ಲಿ ಏನೋ ತಿದ್ದಿ, ‘ಮೇಷ್ಟ್ರೇ, ನೋಡಿ’ ಎಂದು ಬರೆದರು. ಅಕ್ಕ ಅವತ್ತು ದಣಿದಿದ್ದರು. ಅಣ್ಣನ ಹೆಸರಿನಲ್ಲಿ ‘ಚೆನ್ನಾಗಿದೆ, ಧನ್ಯವಾದ’ ಎಂದು ಹಾಕಿ ಬೇರೆ ಕೆಲಸಕ್ಕೆ ಹೋದರು. ಸ್ವಲ್ಪ ಹೊತ್ತಿಗೆ ಫೋನು ಬಂತು.

"ಅಕ್ಕಾ, ಮೇಷ್ಟ್ರಿಗೆ ಏನಾಗಿದೆ?"

"ಏನೂ ಇಲ್ವಲ್ಲ ಡಾಕ್ಟ್ರೇ. ಯಾಕೆ?"

"ಒಂಬತ್ತು ವರ್ಷದಲ್ಲಿ ಅವರು ನನಗೆ ಒಂದು ಸಲಾನೂ ಧನ್ಯವಾದ ಹೇಳಿಲ್ಲ. ನಿಜ ಹೇಳಿ."

ಅಕ್ಕ ನಿಜ ಹೇಳಿದರು. ಆಮೇಲೆ ಡಾಕ್ಟರಮ್ಮ, "ಹಾಗಾದ್ರೆ ಈ ಎರಡು ವರ್ಷ ನನ್ನನ್ನ ಬೈತಿದ್ದಿದ್ದು ನೀವಾ?" ಎಂದರು. ಇಬ್ಬರೂ ನಕ್ಕರು. ಫೋನು ಇಟ್ಟ ಮೇಲೆ ಅಕ್ಕ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಿದ್ದರು ಎಂದು ಅತ್ತಿಗೆ ಹೇಳುತ್ತಾರೆ.

ಡಾಕ್ಟರಮ್ಮ ಅಣ್ಣನ ಭಾಗವನ್ನೂ ತಾವೇ ತಿದ್ದಲು ಸಿದ್ಧರಿದ್ದರು. ಅಷ್ಟು ವರ್ಷ ಜಗಳವಾಡಿ ಆಡಿ ಬಂಡೆ ನೀರಿನ ವಿಚಾರ ಅವರಿಗೆ ಬಾಯಿಪಾಠ. ಕೊರತೆ ಇದ್ದದ್ದು ಹೊರಗಿನವರದೇ. ಹಳೆಯ ಗುರುತುಗಳನ್ನು ಹಾಕಿದವರು ಅರ್ಧಕ್ಕೇ ಬಿಟ್ಟು ಹೋಗಿದ್ದರು, ಆ ಗುರುತುಗಳು ಈಗ ಲೆಕ್ಕಕ್ಕಿಲ್ಲ, ಹೊಸದಾಗಿ ಒಬ್ಬರು ಓದಬೇಕು. ಅಕ್ಕ ಕೊನೆಗೂ ಆ ಪುಟಕ್ಕೆ ಆಳು ಹುಡುಕಿದರು. ಅರ್ಥಶಾಸ್ತ್ರದವರು ಉತ್ತರ ಕೊಡಲಿಲ್ಲ. ನಾಟಕದ ಮೇಷ್ಟ್ರು, ‘ಬಂಡೆಯ ಹತ್ತಿರ ಮತ್ತೆ ಬೈಸಿಕೊಳ್ಳಲಾರೆ ತಾಯಿ’ ಎಂದರು. ಹೊಸಬರು ಇರಲೇ ಇಲ್ಲ. ತಿಂಗಳಲ್ಲಿ ಹದಿನೈದು ದಿನ ಉಳಿದಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಅಕ್ಕ ‘ಆಳದ ನೀರು’ ಪುಟ ತೆರೆದಿಟ್ಟು, ಹಾಲು ಉಕ್ಕಿತೆಂದು ಒಳಗೆ ಓಡಿದರು. ಬರುವಷ್ಟರಲ್ಲಿ ಅಣ್ಣ ಅವರ ಕುರ್ಚಿಯಲ್ಲಿ ಕೂತು, ಪರದೆಯ ಮೇಲೆ ಬೆರಳಿಟ್ಟು ಓದುತ್ತಿದ್ದರು. ಶಾಲೆಯ ಹುಡುಗರು ಓದುವಂತೆ, ತುಟಿಯಾಡಿಸುತ್ತಾ.

"ಇದು ಯಾರು ಬರ್ದಿದ್ದು ಪುಟ್ಟೀ?"

ಅಕ್ಕ ತಮಾಷೆ ಎಂದುಕೊಂಡರು. ಅಣ್ಣನ ಮುಖ ನೋಡಿ ಅಲ್ಲವೆಂದು ತಿಳಿಯಿತು. "ಯಾಕಣ್ಣಾ?"

"ತಲೆಬುಡ ಗೊತ್ತಾಗ್ತಿಲ್ಲ. ಇಲ್ನೋಡು, ‘ಸ್ಪಷ್ಟವಾಗಿಯೇ’ ಅಂತಾನೆ. ಏನು ಸ್ಪಷ್ಟ?"

"ನನಗೆ ಗೊತ್ತಿಲ್ಲ."

"ನಿನಗೂ ಗೊತ್ತಿಲ್ವಾ? ಮತ್ತೆ ಯಾರಿಗೋಸ್ಕರ ಬರ್ದಿದಾನೆ ಇವನು? ತನಗೇನಾ?"

ಅಕ್ಕ ಪಕ್ಕದಲ್ಲಿ ಮಣೆ ಎಳೆದುಕೊಂಡು ಕೂತರು. ಗುರುತು ಹಾಕುವುದು ಹೇಗೆಂದು ತೋರಿಸಿದರು. ತೋರಿಸಿದ್ದು ಮರೆತುಹೋಗುತ್ತಿತ್ತು, ಹಾಗಾಗಿ ಅಣ್ಣ ಬೆರಳಿಟ್ಟಲ್ಲೆಲ್ಲ ಅಕ್ಕನೇ ಗುರುತು ಒತ್ತಿದರು. ಅಣ್ಣ ಒಂದೊಂದೇ ಸಾಲು ಓದಿ, ನಿಂತು, ಪ್ರಶ್ನೆ ಕೇಳಿದರು. ಯಾವ ಮುಜುಗರವೂ ಇರಲಿಲ್ಲ. "ಆಳದ ನೀರು ಯಾಕೆ ಕೆಟ್ಟದ್ದು? ಮೇಲಿನ ನೀರು ತಾನೇ ಕೊಳೆ?" ಗುರುತು. "ಮಕ್ಕಳಿಗೇ ಯಾಕೆ ಹೆಚ್ಚು? ದೊಡ್ಡೋರೂ ಅದೇ ನೀರು ಕುಡೀತಾರಲ್ಲ." ಗುರುತು. ಉಷ್ಣೋಪಚಾರದಿಂದ ಲವಣಸಾಂದ್ರತೆಯಲ್ಲಿ ಇಳಿಕೆ ಅಸಾಧ್ಯ ಎಂಬ ಸಾಲಿನ ಹತ್ತಿರ ಬಹಳ ಹೊತ್ತು ನಿಂತರು. "ಉಷ್ಣ ಅಂದ್ರೆ ಬಿಸಿ. ಅಂದ್ರೆ... ಕುದಿಸಿದ್ರೆ ಹೋಗಲ್ವಾ?"

"ಹೋಗುತ್ತಲ್ಲ," ಎಂದರು ಅತ್ತಿಗೆ ಒಳಗಿನಿಂದ. "ಕುದಿಸಿದ್ರೆ ಎಲ್ಲ ಹೋಗುತ್ತೆ. ನಲವತ್ತು ವರ್ಷದಿಂದ ಕುದಿಸ್ತಿಲ್ವಾ ನಾನು?"

ಕುದಿಸಿದರೆ ಕ್ರಿಮಿ ಸಾಯುತ್ತದೆ. ಬಂಡೆಯಿಂದ ನೀರಿಗೆ ಇಳಿದ ಫ್ಲೋರೈಡು ಎಲ್ಲಿಗೂ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದು ಹೆಚ್ಚುತ್ತದೆ. ಈ ಮನೆಗೆ ಬರುವುದು ಕೆರೆಯ ನಲ್ಲಿ ನೀರು, ಹಾಗಾಗಿ ಅಪಾಯವಿಲ್ಲ. ಆದರೆ ಆಳದ ಬಾವಿಯ ಬೀದಿಗಳಲ್ಲಿ ಮಕ್ಕಳ ಹಲ್ಲು ಉಳಿಸಲೆಂದು ತಾಯಂದಿರು ಬೆಳಿಗ್ಗೆ ಸಂಜೆ ನೀರು ಕುದಿಸುತ್ತಿದ್ದಾರೆ, ಮತ್ತು ಅದು ತಪ್ಪೆಂದು ಹೇಳುವ ಒಂದೇ ಸಾಲು ಒಂಬತ್ತು ವರ್ಷದಿಂದ ಆ ಪುಟದಲ್ಲಿ ಉಷ್ಣೋಪಚಾರವೆಂಬ ಗೋಣಿಚೀಲದೊಳಗೆ ಕಟ್ಟಿಬಿದ್ದಿದೆ. ಬರೆದಾತನ ಮನೆಗೇ ಅದು ತಲುಪಿಲ್ಲ. ದೀಪದ ಬುಡದಲ್ಲಿ ಕತ್ತಲು ಎಂದು ಸುಮ್ಮನೆ ಹೇಳಿದ್ದಾರೆಯೇ!

ಆ ಬೆಳಿಗ್ಗೆ ಮೂವತ್ತಕ್ಕೂ ಹೆಚ್ಚು ಗುರುತು ಬಿದ್ದವು. ಅಂಗಳದ ಚರಿತ್ರೆಯಲ್ಲೇ ಅಷ್ಟು ಪ್ರಾಮಾಣಿಕವಾಗಿ ಯಾರೂ ಓದಿರಲಿಲ್ಲ.

ಆಮೇಲೆ ಎರಡು ದಿನ ಅಕ್ಕ ಆ ಪುಟದ ಹತ್ತಿರ ಸುಳಿಯಲಿಲ್ಲ. ಬರೆದವರೇ ತಮ್ಮ ಪುಟಕ್ಕೆ ಹೊರಗಿನವರಾಗುವಂತಿಲ್ಲ. ಅದು ಮನೆಯವರ ನಿಯಮಕ್ಕಿಂತ ಹಳೆಯದು, ಬರೆದಿಡುವ ಅಗತ್ಯವೂ ಯಾರಿಗೂ ಕಂಡಿರಲಿಲ್ಲ. ಮೂರನೆಯ ದಿನ ಡಾಕ್ಟರಮ್ಮನೇ ಫೋನು ಮಾಡಿದರು.

"ಗುರುತುಗಳನ್ನ ನೋಡ್ದೆ ಅಕ್ಕಾ. ಯಾರು ಸಿಕ್ಕಿದ್ರು? ಬಹಳ ಚೆನ್ನಾಗಿ ಓದಿದಾರೆ."

"ಅಣ್ಣ."

"ನಮ್ಮ ಮೇಷ್ಟ್ರೇನಾ?"

"ಅದು ಲೆಕ್ಕಕ್ಕೆ ಬರಲ್ಲ ಡಾಕ್ಟ್ರೇ. ಬರೆದವರು ಓದೋ ಹಾಗಿಲ್ಲ."

"ಯಾಕೆ ಓದೋ ಹಾಗಿಲ್ಲ?"

"ಅವರಿಗೆ ಗೊತ್ತಿರುತ್ತಲ್ಲ. ಗೊತ್ತಿರೋರಿಗೆ ದಾರಿಯ ಗುಂಡಿ ಕಾಣಲ್ಲ."

"ಮೇಷ್ಟ್ರಿಗೆ ಗೊತ್ತಿದೆಯಾ?"

ಆ ಪ್ರಶ್ನೆಗೆ ಉತ್ತರ ಹೇಳಬೇಕಾಗಿ ಬರದಿರಲೆಂದೇ ಅಕ್ಕ ಎರಡು ವರ್ಷ ಅಣ್ಣನ ಹೆಸರಿನಲ್ಲಿ ಸಿಡುಕಿದ್ದರು. ಅಣ್ಣನ ಹೆಸರನ್ನು ಹೊರಗಿನವರ ಜಾಗದಲ್ಲಿ ಬರೆದರೆ, ಈ ಮನುಷ್ಯನಿಗೆ ಈಗ ನೀರಿನ ಬಗ್ಗೆ ಏನೂ ಗೊತ್ತಿಲ್ಲ ಎಂದು ತಾವೇ ಕೈಯಾರೆ ಟೈಪು ಮಾಡಿದಂತೆ. ಅದೂ ಎಲ್ಲರಿಗೂ ಕಾಣುವಂತೆ, ಮುಂದೆಂದೂ ತಿದ್ದಲಾಗದ ನಕಲಿನಲ್ಲಿ. ಬರೆಯದಿದ್ದರೆ ಅಣ್ಣನ ಮಾನ ಉಳಿಯುತ್ತದೆ, ಪುಟ ಹೋಗುತ್ತದೆ.

"ನೀವು ತಿದ್ದಿ, ಆಮೇಲೆ ನೋಡೋಣ," ಎಂದಷ್ಟೇ ಹೇಳಿ ಫೋನು ಇಟ್ಟರು.

ಡಾಕ್ಟರಮ್ಮ ಕ್ಲಿನಿಕ್ಕಿಗೆ ರಜೆ ಹಾಕಿ ಕೂತು ತಿದ್ದಿದರು. ‘ಆಳದ ನೀರು ಬಂಡೆಯ ಜೊತೆ ಬಹಳ ಕಾಲ ಕೂತಿರುತ್ತದೆ. ಜೊತೆಗೆ ಕೂತವರ ಗುಣ ಹತ್ತುವಂತೆ ಬಂಡೆಯಲ್ಲಿರುವುದು ನೀರಿಗೆ ಹತ್ತುತ್ತದೆ.’ ‘ಮಕ್ಕಳ ಹಲ್ಲು ಇನ್ನೂ ಬೆಳೆಯುತ್ತಿರುತ್ತದೆ, ಆದ್ದರಿಂದ ಅವರಿಗೆ ಹೆಚ್ಚು.’ ‘ಈ ನೀರನ್ನು ಕುದಿಸಿದರೆ ಪ್ರಯೋಜನವಿಲ್ಲ, ತೊಂದರೆ ಹೆಚ್ಚುತ್ತದೆ. ಕುಡಿಯಲು ಬೇರೆ ನೀರು ತನ್ನಿ.’ ಅಕ್ಕ ಅಣ್ಣನನ್ನು ಮತ್ತೆ ಕೂರಿಸಿದರು. ಅಣ್ಣ ಮತ್ತೆ ಮೊದಲ ಸಲವೆಂಬಂತೆ ಓದಿದರು. ಗುರುತು ಐದಕ್ಕೆ ಇಳಿಯಿತು. ಮತ್ತೆ ತಿದ್ದು, ಮತ್ತೆ ಓದು. ನಾಲ್ಕನೆಯ ಸಲ ಅಣ್ಣ ಕೊನೆಯ ತನಕ ಎಲ್ಲೂ ಬೆರಳಿಡದೆ ಹೋದರು. ಅತ್ತಿಗೆ ಸೆರಗಿಗೆ ಕೈಯೊರಸಿಕೊಂಡು ಬಂದು, ಗಂಡನ ಹೆಗಲ ಮೇಲಿನಿಂದ ತಾವೂ ಓದಿದರು. "ಇದೇನಾ ನೀವು ಅಷ್ಟು ವರ್ಷ ಮಾಡ್ತಿದ್ದ ಕೆಲಸ?" ಎಂದು ಕೇಳಿದರು. ಅಣ್ಣ ತಿರುಗಿ ನೋಡಿ, "ಯಾರು, ನಾನಾ?" ಎಂದರು.

ಓದು ಮುಗಿದಾಗ ತಾಣ ಎರಡು ವಿವರ ಕೇಳುತ್ತದೆ. ಓದಿದವರ ಹೆಸರಿನ ಜಾಗದಲ್ಲಿ ಅಕ್ಕ ಅಣ್ಣನ ಪೂರ್ತಿ ಹೆಸರು ಟೈಪು ಮಾಡಿದರು. ಅದರ ಮೇಲಿನ ಸಾಲಿನಲ್ಲಿ, ಬರೆದವರ ಜಾಗದಲ್ಲಿ, ಅದೇ ಹೆಸರು. ಓದಿದವರ ಶಾಸ್ತ್ರ ಯಾವುದು ಎಂಬಲ್ಲಿ ‘ಯಾವುದೂ ಇಲ್ಲ’ ಎಂದು ಹಾಕಿದರು. "ಮುಂದೆ ನೋಡಿದೋರು ಟೈಪಿಸ್ಟ್ ತಪ್ಪು ಮಾಡಿದಾಳೆ ಅಂದ್ಕೋತಾರೆ," ಎನ್ನುತ್ತಾರೆ. "ಅಂದ್ಕೊಳ್ಳಲಿ. ಇಪ್ಪತ್ತೆರಡು ವರ್ಷದಲ್ಲಿ ಒಂದು."

ಇದಾಗಿ ವಾರವಾಯಿತು. ಎಂಟುನೂರರಲ್ಲಿ ಇನ್ನೂ ಐನೂರು ಚಿಲ್ಲರೆ ಪುಟ ಬಾಕಿ ಇವೆ, ಉಳಿದಿರುವುದು ಮೂರು ಬೆಳಗು. ಅವುಗಳಲ್ಲಿ ಬಹುಪಾಲು ಹೋಗುತ್ತವೆ ಎಂದು ಅಕ್ಕನಿಗೆ ಗೊತ್ತು, ಯಾವುವೆಂದು ಕೇಳಿದರೆ ಮಾತು ಬದಲಿಸುತ್ತಾರೆ. ಆದರೆ ಹೊರಗಿನವರು ಇಲ್ಲ ಎಂಬ ದೂರು ಈಗಿಲ್ಲ. ಮೇಜಿನ ಮುಂದೆ ಈಗ ಎರಡು ಕುರ್ಚಿ. ಅಣ್ಣ ಗುಂಡಿ ಸರಿಮಾಡಿಸಿಕೊಂಡು ಒಂದರಲ್ಲಿ ಕೂತು ಪಾಚಿಯ ಪುಟ ಓದುತ್ತಿದ್ದಾರೆ. ಪಾಚಿ ಅವರಿಗೆ ಗೊತ್ತಿಲ್ಲ. ಗ್ರಹಣ ಗೊತ್ತಿಲ್ಲ, ಮಗ್ಗ ಗೊತ್ತಿಲ್ಲ, ಶಾಸನ ಗೊತ್ತಿಲ್ಲ. ಒಂದು ಬೆಳಿಗ್ಗೆಗೆ ಎರಡು ಪುಟ ಓದಿದರೆ ಹೆಚ್ಚು, ಕೆಲವು ಬೆಳಿಗ್ಗೆ ಒಂದೂ ಆಗುವುದಿಲ್ಲ, ಪರದೆ ನೋಡುತ್ತಾ ಕೂತಿರುತ್ತಾರೆ. ಓದಿದ ದಿನ ಮಾತ್ರ ಬಲು ಚುರುಕು. "ಇವನು ಬೇರಿಲ್ಲ ಅಂತಾನೆ. ಬೇರಿಲ್ಲದೆ ನೀರು ಹೇಗೆ ಕುಡಿಯುತ್ತೆ? ಹಾಕು ಗುರುತು." ಅಕ್ಕ ಹಾಕುತ್ತಾರೆ. ಆ ಕಡೆ ಎಲ್ಲೋ ಪಾಚಿಯ ಮುದುಕರೊಬ್ಬರು ಕಣ್ಣುಜ್ಜಿಕೊಂಡು ತಿದ್ದುತ್ತಾರೆ.

"ಈಗ ಅಂಗಳದಲ್ಲಿ ಎಲ್ಲರಿಗಿಂತ ಒಳ್ಳೆ ಓದುಗ ನಮ್ಮಣ್ಣನೇ," ಎನ್ನುತ್ತಾರೆ ಅಕ್ಕ. ಆಮೇಲೆ ತಿಂಗಳು ಮುಗಿದ ಮೇಲಿನ ಮಾತು ಬರುತ್ತದೆ. ಚಹಾದ ಲೋಟವನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸುತ್ತಾರೆ.

"ಗ್ರಂಥಾಲಯದ ನಕಲು ಇರುತ್ತಲ್ಲ, ಅದನ್ನೇ ತೆಗೆದು ಕೊಡ್ತೀನಿ. ಓದಿದ್ದೇ ಕೊಟ್ರೂ ಅವನಿಗೆ ಹೊಸದೇ. ಕೂತು ಓದ್ತಾನೆ, ಬೆರಳಿಡ್ತಾನೆ, ‘ಇದು ಗೊತ್ತಾಗ್ಲಿಲ್ಲ ಪುಟ್ಟೀ’ ಅಂತಾನೆ. ಗುರುತು ಹಾಕ್ದೆ ಅಂತ ಸುಳ್ಳು ಹೇಳ್ಬೇಕು. ಆ ಕಡೆ ತಿದ್ದೋಕೆ ಯಾರೂ ಇರಲ್ಲ. ಒಬ್ರು ಇದ್ದಿದ್ರೆ ಸಾಕಿತ್ತು."